ಎಡ ಚಕ್ರದೊಳಗಿನ ಎರಡು ನಟ್ಟು

"ಆಂಟಿ, ನೀವು ಪೂರಾ ಉಲ್ಟಾ ಬರೀತಿದ್ದೀರಿ," ಎಂದಳು ಯಾಸ್ಮೀನ, ಶೀಲಾವತಿಯ ಹೆಗಲ ಮೇಲಿಂದ ಇಣುಕಿ.

ಶೀಲಾವತಿ ಪೆನ್ನು ಎತ್ತಿದಳು. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಆ ಪುಟ್ಟ ಗ್ಯಾರೇಜಿನ ನೆಲದ ಮೇಲೆ ಬಣ್ಣ ಹೋದ ಒಂದು ಚಾದರ ಹಾಸಿತ್ತು. ಅದರ ಮೇಲೆ ಜೀಪಿನ ಬಲಗಡೆಯ ಮುಂದಿನ ಚಕ್ರದಿಂದ ಬಿಚ್ಚಿದ ಸಾಮಾನು, ಮದುವೆ ಮನೆಯ ಎಲೆಗಳ ಹಾಗೆ ಸಾಲಾಗಿ ಕೂತಿತ್ತು. ಅವಳು ಒಂದೊಂದನ್ನೂ ನೋಡಿ ಚಿತ್ರ ಬಿಡಿಸಿ ಎಡದಿಂದ ಬಲಕ್ಕೆ ಒಂದು, ಎರಡು, ಮೂರು ಎಂದು ನಂಬರು ಹಾಕುತ್ತ ಬಂದಿದ್ದಳು. ಒಂದನೇ ನಂಬರು ಬೇರಿಂಗಿಗೆ ಬಿದ್ದಿತ್ತು.

ಅದು ಕಡೆಗೆ ಬಿಚ್ಚಿದ್ದು ಎಂದು ಯಾಸ್ಮೀನ ತಿಳಿಸಿ ಹೇಳಿದಳು. ಅವಳ ಅಪ್ಪ ಮೊದಲು ಬಿಚ್ಚಿದ್ದನ್ನು ಬಲ ತುದಿಗೆ ಇಡುತ್ತಾರೆ, ಅದರ ನಂತರದ್ದನ್ನು ಅದರ ಎಡಕ್ಕೆ, ಹಾಗೇ ಮುಂದಕ್ಕೆ. ಉರ್ದು ಬರೆದ ಹಾಗೆ. ಜೋಡಿಸುವಾಗ ಎಡ ತುದಿಯಿಂದ ಎತ್ತಿಕೊಳ್ಳುತ್ತ ಬರುತ್ತಾರೆ.

"ಹಂಗಂದ್ರ ನನ್ನ ಶಾಲಿ ಎಲ್ಲಾರಿಗೂ ಗೊತ್ತಾತು," ಎಂದು ಅವಳ ಅಪ್ಪ ಹಾಜಿಮಲಂಗ ಚಾಚಾ ಜೀಪಿನ ಆಚೆಯಿಂದ ನಕ್ಕರು. ಇಂಡಿ ತಾಲೂಕಿನ ಮದರಸಾದಲ್ಲಿ ಮೂರು ವರ್ಷ ಕಲಿತದ್ದೇ ಅವರ ವಿದ್ಯೆ. ಕನ್ನಡವನ್ನು ಬಾಯಲ್ಲಿ ಕಲಿತರು, ಮರಾಠಿಯನ್ನು ಗಿರಾಕಿಗಳಿಂದ ಕಲಿತರು, ಜೀಪನ್ನು ಬೆರಳಿನಿಂದ ಕಲಿತರು.

ಶೀಲಾವತಿ ಪುಟ ಹರಿಯಲಿಲ್ಲ. ತಪ್ಪಾಗಿ ಬರೆದದ್ದನ್ನೂ ಇಟ್ಟುಕೊಳ್ಳುವುದು ಅವಳ ಅಭ್ಯಾಸ. ಫೋರ್ಟಿನ ಒಂದು ವಿಮಾ ಆಫೀಸಿನಲ್ಲಿ ಮೂವತ್ತು ವರ್ಷ ಬೇರೆಯವರ ಅಪಘಾತದ ವರದಿಗಳನ್ನು ಟೈಪು ಮಾಡಿ ಮಾಡಿ, ಯಾವ ಸಾಲಿನಲ್ಲಿ ಸುಳ್ಳು ಅಡಗಿದೆ ಎಂದು ಮೂಗಿನಲ್ಲೇ ಹಿಡಿಯುವುದನ್ನು ಕಲಿತಿದ್ದಳು. ರಿಟೈರಾದ ಮೇಲೆ ವಿಮೆಯವರು ಅವಳನ್ನೇ ವಿಚಾರಣೆಗೆ ಕಳಿಸತೊಡಗಿದರು. ಅಲ್ಲಿನ ಹೋಟೆಲಿನ ಕೊರಗಪ್ಪ ಅವಳಿಗೆ ಇಡ್ಲಿ ಕೊಡುವಾಗ ಪತ್ತೇದಾರಕ್ಕ ಎಂದೇ ಕರೆಯುತ್ತಿದ್ದ. ಆ ಹೆಸರಿನ ಕಾರ್ಡು ಮಾತ್ರ ಅವಳು ಮಾಡಿಸಿರಲಿಲ್ಲ.

ಈ ಜೀಪು ಹನ್ನೊಂದು ದಿನದ ಹಿಂದೆ, ಶನಿವಾರ, ಇಳಿಜಾರಿನಲ್ಲಿ ಇದ್ದಕ್ಕಿದ್ದಂತೆ ಎಡಕ್ಕೆ ಎಳೆದು ಬಸ್ ಸ್ಟಾಪಿನ ಕಂಬಕ್ಕೆ ಗುದ್ದಿತ್ತು. ಹೂ ಮಾರುವ ಒಬ್ಬ ಹೆಂಗಸಿನ ಕಾಲು ಮುರಿದಿತ್ತು. ಡ್ರೈವರ್ ಚಂದ್ರಾಮನಿಗೆ ಪಕ್ಕೆಲುಬು ಮುರಿದು ಅವನು ದೊಡ್ಡಾಸ್ಪತ್ರೆಯಲ್ಲಿದ್ದ. ನಾಲಿಗೆಗಾಗಲಿ ಗಂಟಲಿಗಾಗಲಿ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೂ ಹನ್ನೊಂದು ದಿನದಿಂದ ಅವನು ಒಂದು ಮಾತೂ ಆಡಿರಲಿಲ್ಲ.

ಜೀಪಿನ ಮಾಲಿಕ ಅಮೋಲ್ ಮಾತ್ರ ಅವನ ಬದಲಿಗೂ ಸೇರಿಸಿ ಮಾತಾಡುತ್ತಿದ್ದ. ಡ್ರೈವರ್ ತೂಕಡಿಸಿದ, ಅಷ್ಟೇ, ಎಂದು ಎಲ್ಲರಿಗೂ ಹೇಳುತ್ತಿದ್ದ. ನಾಳೆ ಹನ್ನೊಂದು ಗಂಟೆಗೆ ಶೀಲಾವತಿಯ ವರದಿ ಹೋಗಬೇಕು. ಅದರಲ್ಲಿ ಚಕ್ರದ ಹೆಸರು ಬಂದರೆ ಚಂದ್ರಾಮ ಮನೆಗೆ ಹೋಗುತ್ತಾನೆ. ಅವನ ಹೆಸರು ಬಂದರೆ ಆಸ್ಪತ್ರೆಯ ಮಂಚದಿಂದ ನೇರ ಜೈಲಿಗೆ.

ಅದಕ್ಕೇ ಅವನ ಹೆಂಡತಿ ಸುಂದ್ರವ್ವ ಕಟ್ಟಡದ ಕೆಲಸ ಬಿಟ್ಟು ಬಂದು, ಸಿಮೆಂಟು ಹಿಡಿದ ಸೀರೆಯಲ್ಲೇ ಬಾಗಿಲ ಹತ್ತಿರ ಖಾಲಿ ಆಯಿಲ್ ಡಬ್ಬದ ಮೇಲೆ ಕೂತಿದ್ದಳು.

ಚಾಚಾ ಬಲಗಡೆಯದನ್ನು ಮೊದಲು ಬಿಚ್ಚಿದ್ದಕ್ಕೂ ಕಾರಣವಿತ್ತು. ಹೋದ ವರ್ಷ ಅವರೇ ಕೈಯಾರೆ ಕೂಡಿಸಿದ ಚಕ್ರ ಅದು, ಇನ್ನೂ ಗಟ್ಟಿಯಾಗಿತ್ತು. ನೆಟ್ಟಗಿರುವುದನ್ನು ಮೊದಲು ಮುಟ್ಟಿ ನೋಡಿದರೆ ಕೆಟ್ಟದ್ದು ತಾನೇ ಬಾಯಿ ಬಿಡುತ್ತದೆ ಎಂಬುದು ಅವರ ಪಾಠ.

ಶೀಲಾವತಿ ಬಗ್ಗಿ ನೋಡಿದಳು. ಎರಡು ದೊಡ್ಡ ನಟ್ಟು, ನಡುವೆ ತೆಳ್ಳನೆಯ ಒಂದು ವಾಷರು. ಎರಡು ನಟ್ಟೂ ಅವಳಿ ಮಕ್ಕಳ ಹಾಗಿದ್ದವು. ಚಾಚಾ ಎಡಗಡೆಯದನ್ನು ಎತ್ತಿ ಅವಳ ಅಂಗೈಗೆ ಹಾಕಿದರು.

"ಕಣ್ಣಿಲೆ ಅಲ್ರಿ ಬಾಯಿ, ಬೆರಳಿಲೆ ನೋಡ್ರಿ."

ಗ್ರೀಸಿನ ಅಡಿಯಲ್ಲಿ ಅಕ್ಕಿಕಾಳಿನಷ್ಟು ಒಂದು ಗೂಟ ಬೆರಳಿಗೆ ಚುಚ್ಚಿತು. ಕಣ್ಣಿಗೆ ಕಂಡೇ ಇರಲಿಲ್ಲ. ಗೂಟದ ನಟ್ಟು ಒಳಗೆ ಬೇರಿಂಗಿನ ಪಕ್ಕ ಕೂರಬೇಕು, ಅದರ ಗೂಟ ವಾಷರಿನ ತೂತಿನಲ್ಲಿ ಸಿಕ್ಕಿಕೊಂಡು ನಟ್ಟು ತಿರುಗದ ಹಾಗೆ ಹಿಡಿಯಬೇಕು. ಬೋಳು ನಟ್ಟು ಹೊರಗಿಂದ ಬಿಗಿಯಬೇಕು. ಒಳಗಿನದು ಹೊರಗೆ, ಹೊರಗಿನದು ಒಳಗೆ ಕೂತರೆ ಒಳಗಿನ ನಟ್ಟು ದಿನಕ್ಕಿಷ್ಟು ಸಡಿಲಾಗುತ್ತ ಹೋಗಿ, ಬೇರಿಂಗು ಕಾದು, ಒಂದು ದಿನ ಚಕ್ರ ಕಚ್ಚಿಕೊಂಡು ಬಿಡುತ್ತದೆ.

"ನಮ್ಮೂರಾಗ ಬಂಡಿ ಗಾಲಿಗಿ ಗುಂಬ ಇರ್ತದಲ್ರಿ, ಹಂಗ," ಎಂದಳು ಸುಂದ್ರವ್ವ, ಅರ್ಥವಾಯಿತೆಂಬ ಸಮಾಧಾನದಿಂದ.

"ಅದೇ ಗುಂಬ, ಇಲ್ಲಿ ಹಬ್ ಅಂತಾರ," ಎಂದ ಶ್ರೀಮಂತ.

ಶ್ರೀಮಂತ ಚಂದ್ರಾಮನ ಚಿಕ್ಕಮ್ಮನ ಮಗ. ಅಮೋಲನ ಇನ್ನೊಂದು ಜೀಪಿಗೆ ಅವನೇ ಡ್ರೈವರ್, ಅದೇ ಖಾಕಿ ಅಂಗಿ. ಹನ್ನೊಂದು ದಿನದಿಂದ ಅಣ್ಣನಿಗೆ ಗಡ್ಡ ಕೆರೆದು, ಮೈ ಒರೆಸಿ, ತುತ್ತು ಮಾಡಿ ಉಣಿಸುತ್ತಿದ್ದವನು ಅವನು. ಇವತ್ತು ಜಾಕು ಏರಿಸಿಕೊಟ್ಟು ಗೋಡೆಗೊರಗಿ ಚಹಾ ಕುಡಿಯುತ್ತಿದ್ದ. ಬಲಗೈಯ ಕಿರುಬೆರಳು ಮಡಿಚಲಾಗದೆ ಗ್ಲಾಸಿನಿಂದ ದೂರ ಸೆಟೆದು ನಿಂತಿತ್ತು. ಚಿಕ್ಕವನಿದ್ದಾಗ ಬಾವಿಯ ಗಡಗಡಿಗೆ ಸಿಕ್ಕಿದ ಬೆರಳಂತೆ. ಯಾಸ್ಮೀನ ಅದನ್ನು ನೋಡಿದಾಗಲೆಲ್ಲ ನವಾಬಸಾಬ್ ಚಹಾ ಕುಡಿಯುತ್ತಿದ್ದಾರೆ ಎಂದು ಛೇಡಿಸುತ್ತಿದ್ದಳು. ಅವನು ಮಾತಾಡುತ್ತಿದ್ದದ್ದು ಕಡಿಮೆ, ನಗುತ್ತಿದ್ದದ್ದು ಹೆಚ್ಚು. ಇವತ್ತು ನಗಲಿಲ್ಲ.

ನಾಲ್ಕಕ್ಕೆ ವಾರ್ಡಿನ ಬಾಗಿಲು ತೆಗೆಯುತ್ತಾರೆಂದು ಹೇಳಿ ಅವನು ಎದ್ದ. ಸುಂದ್ರವ್ವ ಜೋಳದ ರೊಟ್ಟಿಯ ಗಂಟು ಕೊಟ್ಟಳು. ಶೇಂಗಾದ ಹಿಂಡಿ ಬೇರೆ ಕಟ್ಟಿದ್ದೇನೆ, ಖಾರ ಕಡಿಮೆ ಹಾಕಿದ್ದೇನೆ, ಮೆತ್ತಗೆ ಮುರಿದು ಹಾಲಿನಲ್ಲಿ ಅದ್ದಿ ಕೊಡು ಎಂದು ಮೂರು ಸಲ ಹೇಳಿದಳು. ಗಂಡನ ಹೆಸರನ್ನು ಅವಳು ಹಿಡಿಯುತ್ತಿರಲಿಲ್ಲ. ಆಸ್ಪತ್ರೆಗೆ ಸೇರಿಸಿದ ದಿನ ಕೌಂಟರಿನಲ್ಲಿ ಪೇಶೆಂಟಿನ ಹೆಸರು ಕೇಳಿದಾಗಲೂ ಬಾಯಿ ಬಾರದೆ ಶ್ರೀಮಂತನ ಮುಖ ನೋಡಿದ್ದಳು.

"ಮಾತಾಡಿದ್ರ ಫೋನ್ ಹಚ್ಚು," ಎಂದಳು. "ಒಂದs ಮಾತು ಇರ್ಲಿ. ಬೈದರೂ ಚಿಂತಿಲ್ಲ, ನನಗ ಕೇಳಸು."

ಶ್ರೀಮಂತ ತಲೆಯಾಡಿಸಿ ಸ್ಟೇಷನ್ನಿನ ಕಡೆ ಹೋದ. ಎಡಗಡೆಯ ಚಕ್ರಕ್ಕೆ ಇನ್ನೂ ಯಾರೂ ಕೈ ಹಚ್ಚಿರಲಿಲ್ಲ.

ಯಾಸ್ಮೀನ ಸ್ಟೂಲಿನ ಮೇಲೆ ಫೋನನ್ನು ವಿಡಿಯೋಕ್ಕೆ ಹಚ್ಚಿ ನಿಲ್ಲಿಸಿದಳು. ಆ ಹಳೆಯ ಕಾಲದ ಹಬ್ ಬಿಚ್ಚುವ ಪಾನಾ, ಅಂದರೆ ಸ್ಪ್ಯಾನರು, ಕಾಂದಿವಲಿಯಲ್ಲಿ ಇನ್ನಾರ ಹತ್ತಿರವೂ ಇರಲಿಲ್ಲ. ಚಾಚಾ ಅದನ್ನು ಕೊಳವೆ ಕತ್ತರಿಸಿ ತಾವೇ ಮಾಡಿಕೊಂಡಿದ್ದರು. ಇಲ್ಲದಿದ್ದರೆ ರಿಪೇರಿ ಮಾಡಿದವರ ಕೈಯಲ್ಲೇ ಬಿಚ್ಚಿಸುವ ಪೆದ್ದತನಕ್ಕೆ ಶೀಲಾವತಿ ಒಪ್ಪುತ್ತಿರಲಿಲ್ಲ. ಏಕೆಂದರೆ ಅಪಘಾತಕ್ಕೆ ನಾಲ್ಕು ದಿನ ಮೊದಲು, ಮಂಗಳವಾರ, ಇದೇ ಎಡ ಚಕ್ರ ಗುಂಯ್‌ಗುಟ್ಟುತ್ತದೆಂದು ಚಂದ್ರಾಮ ಜೀಪನ್ನು ಇಲ್ಲಿಗೇ ತಂದಿದ್ದ.

ಚಾಚಾ ಬಿಸ್ಮಿಲ್ಲಾ ಎಂದು ಕೂತರು. ಚಕ್ರ ಇಳಿಸಿದ್ದಾಗಿತ್ತು. ಬ್ರೇಕಿನ ಭಾಗವನ್ನು ಬಿಚ್ಚಿ, ಅದರ ನಳಿಗೆಗೆ ಭಾರ ಬೀಳದ ಹಾಗೆ ತಂತಿಯಿಂದ ಮೇಲಕ್ಕೆ ಕಟ್ಟಿದರು. ಹೊರಗಿನ ಮುಚ್ಚಳದ ಆರು ಬೋಲ್ಟು ಬಂದವು. ಒಳಗಿನ ತೆಳು ರಿಂಗನ್ನು ಚಿಮುಟದಲ್ಲಿ ಅಗಲಿಸಿ ತೆಗೆದರು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಕೊಡುವ ಜೀಪಾದ್ದರಿಂದ, ಮುಂದಿನ ಚಕ್ರವನ್ನು ಆ ಬಲಕ್ಕೆ ಕಟ್ಟುವ ಬಿಡಿಸುವ ಲಾಕು ಒಂದಿತ್ತು. ಅದನ್ನು ಎರಡು ಬೆರಳಿನಿಂದ ಅಲುಗಾಡಿಸಿ ಹೊರಗೆಳೆದರು. ಸುಟ್ಟ ಗ್ರೀಸಿನ ವಾಸನೆ ಗುಪ್ಪನೆ ಬಂತು.

ಇಷ್ಟೆಲ್ಲ ಮಾಡುವಾಗ ಅವರ ಮುಖ ಕೈಯ ಕಡೆ ಇರಲೇ ಇಲ್ಲ ಎಂಬುದನ್ನು ಶೀಲಾವತಿ ಗಮನಿಸಿದಳು. ಯಾರು ಮಾತಾಡಿದರೆ ಅವರ ಕಡೆ ಮುಖ. ಕೈ ತನ್ನಷ್ಟಕ್ಕೆ ತಾನು.

ಪಾನಾ ಕೂತಿತು. ಹೊರಗಿನ ನಟ್ಟು ಬಂತು. ಚಾಚಾರ ಹೆಬ್ಬೆರಳು ಅದರ ಬೆನ್ನು ಸವರಿ ತಟ್ಟನೆ ನಿಂತಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಆಮೇಲೆ ಏನೂ ಆಗದವರಂತೆ ಅದನ್ನು ಚಾದರದ ಮೇಲಿಟ್ಟರು. ವಾಷರು ತೆಗೆದರು, ಒಳಗಿನ ನಟ್ಟು ತೆಗೆದರು. ಅದಕ್ಕೆ ಪಾನಾ ಬೇಕಾಗಲಿಲ್ಲ, ಕೈಯಲ್ಲೇ ತಿರುಗಿ ಬಂತು. ಹಬ್ ಅಲುಗಾಡಿಸಿದಾಗ ಬೇರಿಂಗು ಅವರ ಅಂಗೈಗೆ ಜಾರಿತು. ನವಿಲುಗರಿಯ ಹಾಗೆ ನೀಲಿಯಾಗಿ ಸುಟ್ಟಿತ್ತು.

ಶೀಲಾವತಿ ಎರಡೂ ಸಾಲುಗಳನ್ನು ನೋಡಿದಳು. ಮೇಲಿನ ಸಾಲಿನಲ್ಲಿ ಗೂಟದ ನಟ್ಟು ಎಡಕ್ಕೆ. ಕೆಳಗಿನ ಸಾಲಿನಲ್ಲಿ ಬೆರಳಾಡಿಸಿದಳು. ಗೂಟದ ನಟ್ಟು ಬಲಕ್ಕೆ.

ಯಾಸ್ಮೀನಳೂ ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು.

"ಬರ್ಕೋರಿ ಬಾಯಿ," ಎಂದರು ಚಾಚಾ, ಕೈ ಒರೆಸಿಕೊಳ್ಳುತ್ತ. "ತಪ್ಪು ನಂದದ. ಮುದುಕನ ಕೈ, ನಟ್ಟು ಅದಲಿ ಬದಲಿ ಮಾಡ್ಯಾದ. ಹುಡುಗಂದೇನೂ ಇಲ್ಲ. ವಿಡಿಯೋದಾಗ ಬಂತಲ್ಲ, ಯಾಸ್ಮೀನ?"

ಸುಂದ್ರವ್ವ ಡಬ್ಬದ ಮೇಲಿಂದ ಎದ್ದು ನಿಂತಳು. ಅಷ್ಟೇ ಸಾಕಿತ್ತು ಅವಳಿಗೆ. ಗಂಡ ಉಳಿದ. ಆದರೆ ಉಳಿಸಿದ ಮುದುಕನ ಮುಖ ನೋಡಿ ಅವಳಿಗೆ ಕೈ ಮುಗಿಯಬೇಕೋ ಅಳಬೇಕೋ ತಿಳಿಯಲಿಲ್ಲ.

ಶೀಲಾವತಿ ಬರೆಯಲಿಲ್ಲ. ಸ್ಟೂಲಿನ ಹತ್ತಿರ ಹೋಗಿ ಫೋನಿನ ವಿಡಿಯೋ ನಿಲ್ಲಿಸಿದಳು. ತಲೆ ನೋಯುತ್ತದೆ, ಶುಂಠಿ ಹಾಕಿಸಿ ನಾಲ್ಕು ಚಹಾ ತನ್ನಿ ಎಂದು ಯಾಸ್ಮೀನಳನ್ನೂ ಸುಂದ್ರವ್ವನನ್ನೂ ಹೊರಗೆ ಕಳಿಸಿದಳು. ಅವರ ಹೆಜ್ಜೆ ಸದ್ದು ದೂರವಾದ ಮೇಲೆ ಚಾದರದ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಸದ್ದಾಗದ ಹಾಗೆ ಚಿಮುಟವನ್ನು ಎತ್ತಿ ಎರಡು ಗೇಣು ಆಚೆಗಿಟ್ಟಳು.

"ಚಾಚಾ, ಆ ಚಿಮುಟ ಒಂಚೂರು ಕೊಡ್ತೀರಾ?"

ಚಾಚಾರ ಕೈ ನೆಟ್ಟಗೆ ಹೋಯಿತು. ಚಿಮುಟ ಇದ್ದ ಜಾಗಕ್ಕೆ, ಈಗ ಇಲ್ಲದ ಜಾಗಕ್ಕೆ. ಬೆರಳು ಖಾಲಿ ಚಾದರವನ್ನು ಸವರಿದವು, ಇನ್ನೊಮ್ಮೆ ಸವರಿದವು, ಅಲ್ಲೇ ನಿಂತವು. ತಮಗೆ ಕಣ್ಣು ಕಾಣದ್ದು ಅವಳಿಗೆ ತಿಳಿದುಹೋಯಿತೆಂದು ಅವರಿಗೆ ಗೊತ್ತಾಯಿತು.

ಶೀಲಾವತಿಗೆ ತನ್ನ ಮೇಲೆಯೇ ಬೇಸರವಾಯಿತು. ಆ ಕೈಯನ್ನು ಹಿಡಿದು ಚಿಮುಟದ ಮೇಲಿಟ್ಟಳು.

"ಎಷ್ಟು ದಿನ ಆಯ್ತು ಚಾಚಾ?"

ಅವರು ತಗ್ಗಿದ ದನಿಯಲ್ಲಿ ಹೇಳಿದರು. ಎರಡು ವರ್ಷದಿಂದ ಕಣ್ಣಿಗೆ ಮಂಜು ಕವಿಯುತ್ತ ಬಂತು, ಈಗ ಬರೀ ಬಣ್ಣ ಕಾಣುತ್ತದೆ, ಬಿಳಿ, ಖಾಕಿ, ಕೆಂಪು, ಅಷ್ಟೇ. ಹೋದ ರಂಜಾನಿನಲ್ಲಿ ಚಾಳಿನ ತಾರಸಿಯ ಮೇಲೆ ಮಗಳು ಬೆರಳು ತೋರಿಸಿ, ಅಬ್ಬಾ, ಚಂದ್ರ ಅಲ್ಲಿದೆ, ಕಂಡಿತಾ ಎಂದು ಕೇಳಿದಳು. ಕಂಡಿತು ಎಂದು ಸುಳ್ಳು ಹೇಳಿದರು. ಗೊತ್ತಾದರೆ ಅವಳು ಅಂಗಡಿ ಮುಚ್ಚಿ, ಅಪ್ಪನನ್ನು ಕಾಯುತ್ತ ಮನೆಯಲ್ಲಿ ಕೂರುತ್ತಾಳೆ. ಅವಳ ಕೈ ತಮ್ಮ ಕೈಗಿಂತ ಚೆನ್ನಾಗಿದೆ, ಕೂರಬಾರದು.

"ಹಂಗಂತ ನನ್ನ ತಪ್ಪು ಮತ್ತಿಷ್ಟು ಖರೇ ಆತಲ್ರಿ," ಎಂದರು. "ಕುರುಡ ನಟ್ಟು ತಪ್ಪಿಸ್ಯಾನ. ಬರ್ಕೋರಿ."

"ಬರ್ಕೊಳ್ಳುದಿಲ್ಲ. ನೀವು ಸುಳ್ಳು ಹೇಳ್ತಿದ್ದೀರಿ ಮಾರಾಯ್ರೆ."

ಚಾಚಾ ಮುಖ ಎತ್ತಿದರು.

"ಕಣ್ಣಿದ್ದ ನನಗೆ ಆ ಗೂಟ ಕಾಣ್ಲಿಲ್ಲ. ಗ್ರೀಸು ಮುಚ್ಚಿತ್ತು. ಬೆರಳಿಗೆ ಸಿಕ್ಕಿತು. ನಿಮಗೆ ಇರುದು ಬೆರಳು ಮಾತ್ರ. ಆಗ ಹೊರಗಿನ ನಟ್ಟು ತೆಗೆಯುವಾಗ್ಲೇ ನಿಮ್ಮ ಹೆಬ್ಬೆರಳು ನಿಂತಿತಲ್ಲ, ನಾನು ನೋಡಿದೆ. ಈ ತಪ್ಪು ಕಣ್ಣು ನಂಬಿದವನು ಮಾಡಿದ್ದು. ನೀವು ಮಾಡ್ಲಿಕ್ಕೆ ಸಾಧ್ಯವೇ ಇಲ್ಲ."

ಅವಳು ಸುಟ್ಟ ಬೇರಿಂಗನ್ನು ಅವರ ಕೈಗಿಟ್ಟಳು. ಒಳಗಿನ ಗುಂಡುಗಳ ಸಂದಿಯಲ್ಲಿ ಗ್ರೀಸೇ ಇರಲಿಲ್ಲ, ಹೊರಗಷ್ಟೇ ಬಳಿದಿತ್ತು. ಬಲಗಡೆಯ ಬೇರಿಂಗಿನಲ್ಲಿ ಅದು ಜೇನುಗೂಡಿನ ಹಾಗೆ ಒಳಗೆಲ್ಲ ತುಂಬಿತ್ತು. ಅಂಗೈಯಲ್ಲಿ ಒತ್ತಿ ಒತ್ತಿ, ಆ ಬದಿಯಿಂದ ಹೊರಬರುವ ತನಕ ತುಂಬುವುದು ಚಾಚಾರ ಪದ್ಧತಿ. ಇದು ಯಾರೋ ರೊಟ್ಟಿಗೆ ಎಣ್ಣೆ ಸವರಿದ ಹಾಗೆ ಸವರಿದ್ದು.

"ಯಾರನ್ನು ಮುಚ್ಚಿಡ್ತಿದ್ದೀರಿ ಚಾಚಾ?"

ಬಾಗಿಲ ಹತ್ತಿರ ಗ್ಲಾಸು ಕಿಣಿಗುಟ್ಟಿತು. ಯಾಸ್ಮೀನ ಚಹಾದ ತಟ್ಟೆ ಹಿಡಿದು ನಿಂತಿದ್ದಳು, ಹಿಂದೆ ಸುಂದ್ರವ್ವ. ಎಷ್ಟು ಹೊತ್ತಿನಿಂದಲೋ.

ಯಾಸ್ಮೀನ ತಟ್ಟೆ ಕೆಳಗಿಟ್ಟು ಅಪ್ಪನ ಮುಂದೆ ಮೊಣಕಾಲೂರಿ ಕೂತಳು. ಅವಳ ಕನ್ನಡ ಎಡವುತ್ತಿತ್ತು.

"ಅಬ್ಬಾ, ಆವತ್ತು ಚಾಂದ್ ಆ ಸೈಡಿಗೆ ಇರ್ಲೇ ಇಲ್ಲ. ನಾನು ಜಾನ್‌ಬೂಝ್‌ಕರ್ ಬೇಕಂತ್ಲೇ ಬೇರೆ ಕಡೆ ತೋರಿಸ್ದೆ. ನೀನು ಕಂಡೆ ಅಂದೆ. ಅವತ್ತಿಂದ ನಂಗೆ ಗೊತ್ತು."

ಅವತ್ತಿನಿಂದ ಅವಳು ದಿನಾ ಬೆಳಿಗ್ಗೆ ಅಪ್ಪನಿಗಿಂತ ಮೊದಲು ಬಂದು ಒಂದೊಂದು ಪಾನಾವನ್ನೂ ಅದರ ಜಾಗದಲ್ಲೇ ಇಡುತ್ತಿದ್ದಳಂತೆ. ಚಾಚಾ ಗ್ರೀಸು ಮೆತ್ತಿದ ಕೈಯಿಂದ ಮಗಳ ಮುಖವನ್ನು ಹಣೆಯಿಂದ ಗಲ್ಲದ ತನಕ ಸವರಿದರು. ಅವಳ ಕೆನ್ನೆಯೆಲ್ಲ ಕಪ್ಪಾಯಿತು. ಅವಳು ಒರೆಸಿಕೊಳ್ಳಲಿಲ್ಲ.

ಆಮೇಲೆ ಅವರು ಮಂಗಳವಾರದ್ದನ್ನು ಹೇಳಿದರು. ಯಾಸ್ಮೀನ ಸೀಲು ತರಲು ಧಾರಾವಿಗೆ ಹೋಗಿದ್ದಳು. ಚಾಚಾ ಎಡ ಚಕ್ರ ಬಿಚ್ಚಿ ಹಬ್ಬನ್ನೂ ಬೇರಿಂಗನ್ನೂ ಡೀಸೆಲ್ಲಿನ ಬುಟ್ಟಿಯಲ್ಲಿ ನೆನೆಹಾಕಿದರು. ಚಾದರದ ಮೇಲೆ ಉಳಿದದ್ದು ಮೂರೇ, ನಟ್ಟು, ವಾಷರು, ನಟ್ಟು. ಅಷ್ಟರಲ್ಲಿ ಸಾಯಂಕಾಲದ ಅಸರಿನ ಆಜಾನ್ ಆಯಿತು. ನಮಾಜಿಗೆ ಹೋದರು. ದಾರಿಯಲ್ಲಿ ಒಂದು ಹ್ಯಾಂಡ್‌ಕಾರ್ಟಿಗೆ ಮೊಣಕಾಲು ಬಡಿದು ಬರುವುದು ತಡವಾಯಿತು. ಬಂದು ನೋಡಿದರೆ, ಅಂದರೆ ಮುಟ್ಟಿ ನೋಡಿದರೆ, ಹಬ್ ಕೂತಿತ್ತು, ಮುಚ್ಚಳ ಬಿಗಿದಿತ್ತು, ಚಕ್ರ ಏರಿತ್ತು. ಪಕ್ಕದಲ್ಲಿ ಖಾಕಿ ಬಣ್ಣ.

"ಚಂದ್ರಾಮಾ, ನೀನs ಕೂಡಿಸಿದ್ಯಾ ಅಂದೆ. ಹೂಂ ಅಂದ. ಭುಜದ ಮ್ಯಾಲ ಕೈ ಇಟ್ಟ. ಈ ಹುಡುಗಗ ನನ್ನ ಕಣ್ಣಿನ ಗುಟ್ಟು ಗೊತ್ತಾಗ್ಯಾದ, ಮರ್ಯಾದಿ ಉಳಿಸಾಕ ತಾನs ಕೆಲಸಾ ಮುಗಿಸ್ಯಾನ ಅಂದ್ಕೊಂಡೆ. ಬಿಚ್ಚು, ಇನ್ನೊಮ್ಮಿ ನೋಡತೀನಿ ಅನ್ನಾಕ ನಾಚಿಕಿ ಬಂತ್ರಿ. ಆ ನಾಚಿಕಿ ಒಂದು ಹೆಣ್ಮಗಳ ಕಾಲು ಮುರೀತು." ಅವರು ಅಂಗೈಯ ಗ್ರೀಸನ್ನು ಮೊಣಕಾಲಿಗೆ ಒರೆಸಿಕೊಂಡರು. "ಅವ ನನ್ನ ಮಾನ ಮುಚ್ಯಾನ. ಈಗ ದವಾಖಾನ್ಯಾಗ ಬಾಯಿ ಬಿಡಲಾರದs ಮಲಗ್ಯಾನ. ನಾ ಅವಂದು ಮುಚ್ಚಬಾರದೇನು?"

ಶೀಲಾವತಿ ಸುಂದ್ರವ್ವನ ಕಡೆ ನೋಡಲಾರದೆ ಚಾದರವನ್ನು ನೋಡಿದಳು. ತನ್ನದೇ ಪುಸ್ತಕದ ಉಲ್ಟಾ ನಂಬರು ನೆನಪಾಯಿತು. ಎಡದಿಂದ ಓದುವ ಯಾರೇ ಆಗಲಿ, ಎಡದ ನಟ್ಟು ಮೊದಲು ಬಿಚ್ಚಿದ್ದು, ಅದು ಹೊರಗಿನದು ಎಂದೇ ತಿಳಿಯುತ್ತಾರೆ. ಚಂದ್ರಾಮ ಕನ್ನಡ ಶಾಲೆಗೆ ಹೋದವನು. ಇದನ್ನು ಬರೆದರೆ ಚಕ್ರದ ಹೆಸರೂ ಬರುತ್ತದೆ, ಅವನ ಹೆಸರೂ ಬರುತ್ತದೆ. ಪ್ರೀತಿಯಿಂದ ಮಾಡಿದ ತಪ್ಪಿಗೆ ವರದಿಯಲ್ಲಿ ಬೇರೆ ಖಾನೆ ಇಲ್ಲ.

"ಯಾವ ಮಂಗಳಾರರೀ ಕಾಕಾ?" ಎಂದಳು ಸುಂದ್ರವ್ವ.

ಅಪಘಾತದ ಶನಿವಾರದ ಹಿಂದಿನ ಮಂಗಳವಾರ ಎಂದು ಯಾಸ್ಮೀನ ಹೇಳಿದಳು.

"ಅಸರಿನ ಆಜಾನ್ ಅಂದ್ರ ಐದಕ್ಕಲ್ರಿ?" ಸುಂದ್ರವ್ವ ಕುಪ್ಪಸದೊಳಗಿನ ಚೀಲ ತೆಗೆದು, ನಾಲ್ಕು ಮಡಿಕೆಯ ಎರಡು ಚೀಟಿ ಬಿಚ್ಚಿದಳು. "ಹಂಗಾದ್ರ ಅವ ಇಲ್ಲಿರಲಿಲ್ಲ. ನನ್ನ ಮಗ್ಗಲದಾಗ ಕುಂತಿದ್ದ."

ಆಧಾರ್ ಸೆಂಟರಿನ ಚೀಟಿ. ಒಂದು ಅವಳದು, ಒಂದು ಅವನದು. ಸಿಮೆಂಟು ಕಲಸಿ ಕಲಸಿ ಅವಳ ಬೆರಳಿನ ಗೆರೆ ಅಳಿಸಿಹೋಗಿದ್ದವು. ಮಿಷಿನ್ನು ಒಂದೂವರೆ ತಾಸು ಅವಳನ್ನು ಒಪ್ಪಲಿಲ್ಲ. ಗಂಡ ಕೂತಲ್ಲೇ ಅವಳ ಒಂದೊಂದು ಬೆರಳಿಗೂ ಕೊಬ್ಬರಿ ಎಣ್ಣೆ ತಿಕ್ಕಿ, ಒರೆಸಿ, ಮತ್ತೆ ಒತ್ತಿಸಿದ್ದನಂತೆ. ಸರದಿಯಲ್ಲಿದ್ದ ಹೆಂಗಸರೆಲ್ಲ ನಕ್ಕರಂತೆ. ಎರಡೂ ಚೀಟಿಯ ಮೇಲೆ ಅದೇ ಮಂಗಳವಾರದ ತಾರೀಕು. ಒಂದರ ಮೇಲೆ ಐದು ಹದಿನಾಲ್ಕು, ಇನ್ನೊಂದರ ಮೇಲೆ ಐದು ಹದಿನೇಳು ಎಂದು ಅಚ್ಚಾಗಿತ್ತು.

ಅಲ್ಲಿಂದ ಅವನು ಜೀಪು ತರುತ್ತೇನೆಂದು ಇಲ್ಲಿಗೆ ಬರುವಾಗ ಆರು ಹೊಡೆದಿತ್ತು. ಅಷ್ಟರಲ್ಲಿ ಚಕ್ರ ಏರಿಯಾಗಿತ್ತು. ಚಾಚಾ ಕೂಡಿಸಿದ್ದಾರೆ ಎಂದು ಅವನು ತಿಳಿದ. ಅವನು ಕೂಡಿಸಿದ್ದಾನೆ ಎಂದು ಚಾಚಾ ತಿಳಿದರು.

ಶೀಲಾವತಿ ಚೀಟಿಗಳನ್ನು ಎರಡೆರಡು ಸಲ ಓದಿ, ಸುಂದ್ರವ್ವನ ಒರಟು ಬೆರಳುಗಳನ್ನು ಒಮ್ಮೆ ಹಿಡಿದು ಬಿಟ್ಟಳು. ಆಮೇಲೆ ಚಾಚಾರನ್ನು ಕೇಳಿದಳು, ಮೆಲ್ಲಗೆ, ನಿದ್ದೆಯಲ್ಲಿದ್ದವರನ್ನು ಕೇಳುವ ಹಾಗೆ. ಅವತ್ತು ಭುಜದ ಮೇಲೆ ಬಿದ್ದ ಕೈ ಹೇಗಿತ್ತು?

ಹೊರಗೆ ಇವತ್ತಿನ ಅಸರಿನ ಆಜಾನ್ ಶುರುವಾಯಿತು. ಚಾಚಾ ಏಳಲಿಲ್ಲ. ಕೆಳಗಿನ ಸಾಲಿನ ಬೋಳು ನಟ್ಟಿನ ಮೇಲೆ ಬೆರಳಾಡಿಸುತ್ತ, ಆ ಸಂಜೆಗೆ ಹಿಂದಿರುಗಿ ಹೋದರು.

"ಬಲಗೈ," ಎಂದರು. "ಭಾರ ಹಾಕಲಿಲ್ಲ, ಸುಮ್ನ ಇಟ್ಟ. ನಾಕು ಬೆರಳು ಇಳಿದ್ವು. ಕಿರುಬೆರಳು ಕೂಡಲಿಲ್ಲ. ಹಂಗs ಮ್ಯಾಲ ಉಳೀತು."

ಯಾಸ್ಮೀನ ಗೋಡೆಯ ಕಡೆ ತಿರುಗಿದಳು. ಗೋಡೆಯ ಬುಡದಲ್ಲಿ ನವಾಬಸಾಬ್ ಬಿಟ್ಟುಹೋದ ಖಾಲಿ ಗ್ಲಾಸು ಇನ್ನೂ ಇತ್ತು.

ಸುಂದ್ರವ್ವನಿಗೂ ಅರ್ಥವಾಯಿತು. ಅವಳು ಮೊದಲು ಹೇಳಿದ್ದು ಅವನಲ್ಲ ಎಂದು. ಹನ್ನೊಂದು ದಿನದಿಂದ ಅಣ್ಣನ ಬಾಯಿಗೆ ತುತ್ತು ಇಡುವವನು, ಅಂಥವನಲ್ಲ ಎಂದು. ಎರಡನೆಯ ಸಲ ಹೇಳುವಾಗ ಅವಳ ದನಿಗೆ ಬಲವಿರಲಿಲ್ಲ, ಏಕೆಂದರೆ ಈಗಲೂ ಆ ತುತ್ತು ಅವನ ಕೈಯಲ್ಲೇ ಇತ್ತು.

ಏನೂ ಹೇಳಬೇಡ, ಉಂಡನೋ ಇಲ್ಲವೋ ಎಂದಷ್ಟೇ ಕೇಳು, ದಿನಾ ಕೇಳುವ ಹಾಗೆ, ಎಂದಳು ಶೀಲಾವತಿ. ಸುಂದ್ರವ್ವ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಚಾದರದ ಮೇಲೆ ಎರಡು ಸಾಲುಗಳ ನಡುವೆ ಇಟ್ಟಳು.

"ಶ್ರೀಮಂತಾ, ಉಂಡಾನೇನೋ?"

"ಹೂಂ."

ಮೂಗಿನಿಂದ ಬಂದ, ಕೊನೆಗೆ ಸ್ವಲ್ಪ ಮೇಲೇರುವ ಉದ್ದನೆಯ ಹೂಂ. ಚಾಚಾರ ಬೆರಳು ನಟ್ಟಿನ ಮೇಲೆ ನಿಂತಿತು. ಅವರು ಇನ್ನೊಂದು ಕೈಯಿಂದ ಶೀಲಾವತಿಯ ಮಣಿಕಟ್ಟನ್ನು ಹುಡುಕಿ ಹಿಡಿದು, ಒಮ್ಮೆ ಒತ್ತಿದರು.

"ಒಂದೂವರಿ ರೊಟ್ಟಿ ಉಂಡಾನ," ಎಂದ ಶ್ರೀಮಂತ. ಹಿಂದೆ ವಾರ್ಡಿನ ತಳ್ಳುಗಾಡಿಯ ಸದ್ದು. "ವೈನಿ, ಎಡಗಡೀದು ಬಿಚ್ಚಿದ್ರೇನು?"

ಸುಂದ್ರವ್ವ ಶೀಲಾವತಿಯನ್ನು ನೋಡಿದಳು. ಶೀಲಾವತಿ ತಲೆಯಾಡಿಸಿದಳು.

"ಬಿಚ್ಯಾರ."

ಆ ಕಡೆ ತಳ್ಳುಗಾಡಿಯ ಸದ್ದು ದೂರ ಹೋಯಿತು. ಮತ್ತೆ ಬಂದ ದನಿ ಅಳು ನುಂಗಿದ ದನಿಯಾಗಿತ್ತು.

"ಎರಡೂ ನಟ್ಟು ಅದಲಿ ಬದಲಿ ಆಗಿದ್ವು. ಹೌದಲ್ರಿ ವೈನಿ?"

ಅವನು ಹೋದಾಗ ಆ ಚಕ್ರಕ್ಕೆ ಯಾರೂ ಕೈ ಹಚ್ಚಿರಲಿಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ. ಶೀಲಾವತಿ ಫೋನಿನ ಕಡೆ ಬಗ್ಗಿ ಮಾತಾಡಲು ಬಾಯಿ ತೆರೆದಳು. ಅಷ್ಟರಲ್ಲಿ, ಅದೇ ಫೋನಿನಲ್ಲಿ, ಶ್ರೀಮಂತನ ಬೆನ್ನ ಹಿಂದಿನಿಂದ ಇನ್ನೊಂದು ದನಿ ಬಂತು. ಬಹಳ ದಿನ ಮುಚ್ಚಿದ್ದ ಬಾಗಿಲು ತೆರೆದ ಹಾಗೆ, ತುಕ್ಕು ಹಿಡಿದು ಕಿರುಗುಟ್ಟುವ ದನಿ.

"ಸುಮ್ನಿರೋ ತಮ್ಮಾ. ನನಗ ಹಗುರಾಗ್ಲಿ ಅಂತ ಕೂಡಿಸಿದಿ ನೀ. ಹೇಳಬ್ಯಾಡ ಅಂದಿದ್ನಿಲ್ಲೋ ನಿನಗ."

ಸುಂದ್ರವ್ವ ಫೋನನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಒಂದೇ ಒಂದು ಮಾತಿಗಾಗಿ ಹನ್ನೊಂದು ದಿನ ಕಾದವಳು. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಮೊದಲನೆಯ ಸಲ, ಎಲ್ಲರ ಎದುರಿಗೆ, ಗಂಡನ ಹೆಸರು ಹಿಡಿದು ಕರೆದಳು.

"ಚಂದ್ರಾಮಾ?"

ಆ ಕಡೆ ಯಾರೋ ಉಸಿರು ಹಿಡಿದರು. ಫೋನು ಕಟ್ಟಾಯಿತು.